ಕನ್ನಡದಲ್ಲಿ ಸಿಕ್ಕ ಹನುಮವ್ವ

ಬಾಗಲಕೋಟೆಯ ಮೃದುಲಾಬಾಯಿ ಕುಲಕರ್ಣಿಯವರು ನಾಶಿಕಕ್ಕೆ ವರ್ಗವಾಗಿ ಬಂದ ಮೊದಲ ದಿನವೇ ತಮ್ಮ ಕನ್ನಡವನ್ನು ಕಳೆದುಕೊಂಡರು. ಯಾರೂ ಕದಿಯಲಿಲ್ಲ. ಅಡ್ಡಹೆಸರೇ ಅದನ್ನು ನುಂಗಿತು. ಕುಲಕರ್ಣಿ ಎಂದರೆ ಆ ಊರಿನಲ್ಲಿ ಎಲ್ಲರಿಗೂ ಮನೆಯವರೇ. ಗೇಟಿನ ಕಾವಲುಗಾರನಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ "ಯಾ, ಯಾ, ಕುಲಕರ್ಣಿ ಮ್ಯಾಡಮ್" ಎಂದು ಮರಾಠಿಯಲ್ಲೇ ಬರಮಾಡಿಕೊಂಡರು. "ನಾನು ಕರ್ನಾಟಕದವಳು" ಎಂದರೆ, "ಹೌದಾ? ಹಾಗೆ ಅನ್ನಿಸುವುದೇ ಇಲ್ಲ ನೋಡಿ" ಎಂದು ಬೆನ್ನು ತಟ್ಟುವ ಹಾಗೆ ನಗುತ್ತಿದ್ದರು. ಹೊಗಳಿದ ಮೇಲೆ ಜಗಳ ಹೇಗೆ ತೆಗೆಯುವುದು? ಸುಮ್ಮನಾದರು. ಸುಮ್ಮನಾದವರು ಹಾಗೇ ಉಳಿದರು.

ಅವರಿಗೆ ಗಂಡ, ಮಕ್ಕಳು ಇಲ್ಲ. ಮದುವೆಯೆಂಬುದು ಹುಡುಗಿ ನೋಡಲು ಬಂದು ಉಪ್ಪಿಟ್ಟು ತಿಂದು ಹೋದವರಲ್ಲೇ ಮುಗಿದಿತ್ತು. ಇಂದಿರಾನಗರದ ಮೂರನೇ ಮಹಡಿಯ ಮನೆಯಲ್ಲಿ ಅವರ ಕನ್ನಡ ಕೇಳುತ್ತಿದ್ದದ್ದು ಕುಕ್ಕರ್ ಒಂದೇ. "ಸಾಕು ಬಿಡವಾ, ಎಷ್ಟು ಸೀಟಿ ಹೊಡೀತಿ" ಎಂದು ಅದಕ್ಕೆ ದಿನಾ ಹೇಳಿ ಹೇಳಿ, ಕೊನೆಕೊನೆಗೆ ಅದು ಕನ್ನಡ ಕಲಿತು, ಗ್ಯಾಸ್ ಆರಿಸುವ ಮೊದಲೇ ಸುಮ್ಮನಾಗುತ್ತಿತ್ತಂತೆ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಕಲಿತದ್ದೆಲ್ಲ ಮರೆತು ಮತ್ತೆ ಮರಾಠಿಯಲ್ಲೇ ಕೂಗತೊಡಗಿತು. ಸಂಜೆ ಊರಿಗೆ ಫೋನ್ ಮಾಡಿದರೆ ತಂಗಿ ಸುಗುಣಾ ಎತ್ತುತ್ತಿದ್ದಳು, ಆದರೆ ಅವಳ ಒಂದು ಕಿವಿ ಟಿವಿಯ ಧಾರಾವಾಹಿಗೆ ಮೀಸಲು. ಹೀಗಾಗಿ ಹುಬ್ಬಳ್ಳಿಗೆ ವರ್ಗ ಕೊಡಿ ಎಂದು ಮೃದುಲಾಬಾಯಿ ಅರ್ಜಿ ಹಾಕಿ ಕೂತಿದ್ದರು. ಈ ಸಲ ಆಗಿಯೇ ಬಿಡುತ್ತದೆ ಎಂದು ಮೇಲಿನ ಕಚೇರಿಯವರು ಹೇಳಿಯೂ ಇದ್ದರು.

ಅವರದು ಕೇಂದ್ರ ಸರ್ಕಾರದ ಒಂದು ಕಚೇರಿ. ಅದರ ಪೂರ್ತಿ ಹೆಸರು ಒಂದು ಬೋರ್ಡಿನಲ್ಲಿ ಹಿಡಿಯದೆ ಕೊನೆಯ ಎರಡು ಪದಗಳನ್ನು ಪಕ್ಕದ ಕಚೇರಿಯ ಗೋಡೆಯ ಮೇಲೆ ಬರೆಸಿದ್ದರು. ಕುಂಭಮೇಳ ಹತ್ತಿರ ಬರುತ್ತಿದ್ದಂತೆ ಆ ಕಚೇರಿಗೆ ಹೊಸ ಕೆಲಸ ಬಂತು. ಜಾತ್ರೆಯ ಜನಸಾಗರದಲ್ಲಿ ತಪ್ಪಿಸಿಕೊಂಡವರ ಹೆಸರು, ಚಹರೆ ಬರೆದುಕೊಂಡು ಹುಡುಕಿಕೊಡುವ ಒಂದು ಕಂಪ್ಯೂಟರ್ ವ್ಯವಸ್ಥೆ ಮಾಡಬೇಕು, ಯಾವ ಭಾಷೆಯವರು ಬಂದರೂ ತಮ್ಮ ಅಕ್ಷರದಲ್ಲೇ ಹೆಸರು ಬರೆಸುವ ಹಾಗಿರಬೇಕು ಎಂದು. ಮರಾಠಿ, ಹಿಂದಿ, ಗುಜರಾತಿ ಎಲ್ಲ ಸಲೀಸಾಗಿ ಆದವು. ಕನ್ನಡ ಮಾತ್ರ ಹಟ ಹಿಡಿಯಿತು.

ಮೃದುಲಾಬಾಯಿಯ ಸಾಹೇಬ ಅಭಿಜಿತ್ ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವನು, ಒಳ್ಳೆಯವನೇ, ಆದರೆ ಅವಸರದವನು. "ಮ್ಯಾಡಮ್, ಸೋಮವಾರ ಸಂಭಾಜಿನಗರದಲ್ಲಿ ಪ್ರಯೋಗ ಇದೆ. ಅಷ್ಟರೊಳಗೆ ಕನ್ನಡದ ಹುಡುಕಾಟ ನಡೆಯದಿದ್ದರೆ ಪರದೆಯಿಂದ ಕನ್ನಡ ತೆಗೆದುಬಿಡೋಣ. ಕನ್ನಡದವರು ಹಿಂದಿಯಲ್ಲಿ ಬರೆಸಲಿ, ಏನಾಯಿತು?"

ಆ ಮಾತು ಮೃದುಲಾಬಾಯಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಮೀನು ತಿಂದ ಮನೆಯವರಲ್ಲ ಅವರು, ಆದರೂ ಕೂತಿತು.

ತೊಡಕು ಇದ್ದದ್ದು ಇಲ್ಲಿ. ಡೇಟಾಬೇಸ್ ಎಂದರೆ ದೊಡ್ಡ ಕಪಾಟು. ಹೆಸರು ಇಟ್ಟರೆ ಇಟ್ಟುಕೊಳ್ಳುತ್ತದೆ. ಆದರೆ ಹನಮವ್ವ ಎಂದು ಬರೆಸಿದವಳೂ ಹನುಮವ್ವ ಎಂದು ಬರೆಸಿದವಳೂ ಒಬ್ಬಳೇ ಇರಬಹುದು ಎಂಬ ಬುದ್ಧಿ ಅದಕ್ಕೆ ತಾನಾಗಿ ಬರುವುದಿಲ್ಲ. ಆ ಬುದ್ಧಿ ಕೊಡಲು ಒಂದು ಮಾಡ್ಯೂಲ್ ಕಟ್ಟಿ ಜೋಡಿಸಬೇಕು. ಮಾಡ್ಯೂಲಿಗೂ ಸ್ವಂತ ಅಕ್ಷರಜ್ಞಾನ ಇಲ್ಲ. ಅದೆಲ್ಲ ಲೈಬ್ರರಿ ಎಂಬ ಇನ್ನೊಂದು ಗಂಟಿನಲ್ಲಿರುತ್ತದೆ, ಯಾರೋ ಪುಣ್ಯಾತ್ಮರು ಬರೆದಿಟ್ಟದ್ದು. ಆ ಗಂಟು ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ ಎಂದು ಕಟ್ಟುವಾಗ ದಾರಿ ಬರೆದು ಕೊಡಬೇಕು. ಅದೇ ಪಾತ್. ದಾರಿ ಕೊಡದಿದ್ದರೆ ಯಂತ್ರ ಕಂಕುಳಲ್ಲಿ ಇರುವುದನ್ನೂ ಇಲ್ಲ ಅನ್ನುತ್ತದೆ.

ಇದನ್ನು ಒಮ್ಮೆ ಫೋನಿನಲ್ಲಿ ಹೇಳಲು ಹೋಗಿ ದೊಡ್ಡ ಫಜೀತಿಯಾಗಿತ್ತು.

"ಲೈಬ್ರರಿ ಸಿಗವಲ್ದು ಸುಗುಣಾ. ದಾರಿ ತಪ್ಪೇದ."

"ಅಯ್ಯ, ಯಾರರ ಆಟೋದವನ್ನ ಕೇಳಬಾರದೇನ ಅಕ್ಕಾ?"

ಅಂದಿನಿಂದ ಬಾಗಲಕೋಟೆಯ ಬಂಧುಬಳಗದಲ್ಲೆಲ್ಲ, ಮೃದುಲಾ ನಾಶಿಕದಲ್ಲಿ ಗ್ರಂಥಾಲಯದಲ್ಲಿದ್ದಾಳೆ, ಪಾಪ, ದಿನಾ ಹೋಗುವ ದಾರಿಯೇ ನೆನಪಿರುವುದಿಲ್ಲವಂತೆ, ವಯಸ್ಸಾಯಿತಲ್ಲ ಎಂಬ ಸುದ್ದಿ ನಿಂತಿತು.

ಹುಡುಕಾಟ ನಡೆಯುತ್ತದೋ ಇಲ್ಲವೋ ನೋಡಲು ಸುಳ್ಳು ಹೆಸರುಗಳು ಬೇಕಲ್ಲ. ಬೇರೆಯವರು ಕಖಗ, ಚಛಜ ಎಂದು ಬಡಿದು ಕೈ ತೊಳೆದುಕೊಂಡಿದ್ದರು. ಮೃದುಲಾಬಾಯಿ ಮೊದಲು ಬರೆದದ್ದು ರಾಚಪ್ಪ. ಬರೀ ರಾಚಪ್ಪ ಬಣಬಣ ಅನ್ನಿಸಿ ತಲೆಗೆ ಹಳದಿ ರುಮಾಲು ಸುತ್ತಿದರು. ಆಮೇಲೆ ಮಹಿಬೂಬ, ಕೊರಳಲ್ಲಿ ತಾಯಿತ, ನಗುವಾಗ ಒಂದು ಹಲ್ಲು ಇಲ್ಲ. ಆಮೇಲೆ ಹನುಮವ್ವ. ಇವಳ ವಿಷಯದಲ್ಲಿ ಕೈ ಹಿಡಿತಕ್ಕೆ ಬರಲಿಲ್ಲ. ವಯಸ್ಸು ಅರವತ್ತರ ಹತ್ತಿರ, ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ಗದ್ದದ ಮೇಲೆ ಹಚ್ಚೆ, ಎಲೆ ತಂಬಾಕು, ಸಿಟ್ಟು ಬಹಳ. ಭಾಷೆ: ಕನ್ನಡ. ಊರಿನ ಜಾಗ ಖಾಲಿ ಬಿಟ್ಟರು. ಇಲ್ಲದವಳಿಗೆ ಊರೆಲ್ಲಿಂದ ತರುವುದು?

ದಿನಾ ಬೆಳಿಗ್ಗೆ ಯಂತ್ರ ಚಾಲೂ ಮಾಡಿ ಹನುಮವ್ವಳನ್ನು ಹನಮವ್ವ ಎಂದು ಬಡಿದು ಹುಡುಕುವುದು, ಅದು "ಯಾರೂ ಇಲ್ಲ" ಅನ್ನುವುದು. "ಇವತ್ತೂ ಸಿಗಲಿಲ್ಲೇನವಾ" ಎಂದು ಮೃದುಲಾಬಾಯಿ ಪರದೆಗೆ ಹೇಳುವುದು. ಕೆಲಸದ ಹೆಸರಿನಲ್ಲಿ ಇಷ್ಟು ಮಾತು ಆಗುತ್ತಿತ್ತು.

ಕೊನೆಗೊಮ್ಮೆ ನಾಶಿಕದ ಯಂತ್ರದಲ್ಲಿ ಮಾಡ್ಯೂಲ್ ಕೆಲಸ ಮಾಡಿತು. ಸುಳ್ಳು ಹೆಸರುಗಳ ಸಮೇತ ಅದನ್ನೇ ಸಂಭಾಜಿನಗರದ ಯಂತ್ರದಲ್ಲಿ ಕಟ್ಟಲು ಶುಕ್ರವಾರ ಹೊರಟರು. ದೌಲತಾಬಾದಿನ ಕೋಟೆ ಆ ಊರಿಗೆ ಹತ್ತಿರ. ಹಿಂದೆ ಒಬ್ಬ ಸುಲ್ತಾನ ಇಡೀ ದಿಲ್ಲಿಯನ್ನೇ ವರ್ಗ ಮಾಡಿ ಅಲ್ಲಿಗೆ ಕಳಿಸಿದನಲ್ಲ, ಅದೇ. ಅಷ್ಟು ಜನರ ಪ್ರವಾಸ ಭತ್ಯೆಯ ಕಡತ ಇನ್ನೂ ಯಾವುದೋ ಟೇಬಲಿನ ಮೇಲಿದೆ ಎಂದು ಸಂಭಾಜಿನಗರದ ಕಚೇರಿಯವರು ಹೇಳುತ್ತಾರೆ. ಅಲ್ಲಿಯ ಕಂಪ್ಯೂಟರ್ ಕೋಣೆಯ ಫ್ಯಾನಿನ ಪ್ರತಾಪವೂ ಕಡಿಮೆಯದಲ್ಲ. ಒಮ್ಮೆ ಅದರ ಗಾಳಿಗೆ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಮುಂದೆ ಹೋಗಿ, ಎಲ್ಲರೂ ದೀಪಾವಳಿಯ ಚಕ್ಕುಲಿ, ಉಂಡೆಯ ಫರಾಳ ಕಟ್ಟಿಕೊಂಡು ಕಚೇರಿಗೆ ಬಂದರಂತೆ.

ಅಲ್ಲಿಯ ಪ್ರೋಗ್ರಾಮರ್ ಉತ್ಕರ್ಷ. ಅವನ ಅಪ್ಪ ಕಲಬುರಗಿಯಿಂದ ಬ್ಯಾಂಕಿನ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ಇದು ತಿಳಿದದ್ದೇ ಮೃದುಲಾಬಾಯಿಯ ಮುಖ ಅರಳಿತು.

"ಊಟ ಆತೇನಪಾ ಉತ್ಕರ್ಷ?"

"ಹೋ ಆಂಟಿ, ಝಾಲಂ." ಆಯಿತಂತೆ, ಮರಾಠಿಯಲ್ಲಿ.

"ಕನ್ನಡ ಬರತದಲ್ಲ ನಿನಗ?"

"ಸಮಝತಾ ಹೂಂ ಆಂಟಿ. ಬೋಲನೇ ಮೇಂ ಥೋಡಾ... ಊಟ, ನೀರು, ಸಾಕು. ಇತನಾ ಆತಾ ಹೈ." ತಿಳಿಯುತ್ತದೆ, ಆಡಲು ಬರುವುದಿಲ್ಲ.

ಇವರು ಕನ್ನಡದಲ್ಲಿ ಕೇಳುವುದು, ಅವನು ಒಮ್ಮೆ ಮರಾಠಿಯಲ್ಲಿ ಒಮ್ಮೆ ಹಿಂದಿಯಲ್ಲಿ ಉತ್ತರಿಸುವುದು. ಸ್ವಲ್ಪ ಹೊತ್ತಿಗೆ ಮೃದುಲಾಬಾಯಿಯೇ ದಣಿದು ಹಿಂದಿಗೆ ಇಳಿದರು.

ಮೊದಲ ಸಲ ಕಟ್ಟಿದಾಗ ಯಂತ್ರ "ಲೈಬ್ರರಿ ಸಿಕ್ಕಿತು" ಎಂದು ಖುಷಿಯಿಂದ ಹೇಳಿತು. ಆದರೆ ಹನುಮವ್ವ ಸಿಗಲಿಲ್ಲ. ನೋಡಿದರೆ ಅಲ್ಲಿ ಒಂದೇ ಹೆಸರಿನ ಎರಡು ಲೈಬ್ರರಿಗಳಿದ್ದವು, ಒಂದು ಓಬೀರಾಯನ ಕಾಲದ್ದು, ಒಂದು ಹೊಸದು. ಹಳೆಯದು ಯಂತ್ರ ಮೊದಲು ನೋಡುವ ಫೋಲ್ಡರಿನಲ್ಲೇ ಕಾಲು ಚಾಚಿ ಕೂತಿತ್ತು. ಹೆಸರು ಕಂಡದ್ದೇ ಯಂತ್ರ ಅದರ ಕೈ ಹಿಡಿದುಬಿಟ್ಟಿತು. ಒಳಗೇನಿದೆ ಎಂದು ವಿಚಾರಿಸಲಿಲ್ಲ. ಗೇಟಿನ ಕಾವಲುಗಾರ ಕುಲಕರ್ಣಿ ಎಂದು ಕೇಳಿ ಒಳಗೆ ಬಿಟ್ಟ ಹಾಗೆ.

ಹೊಸದರ ದಾರಿ ಬರೆದುಕೊಟ್ಟರು. ಈ ಸಲ ಅವರ ಲಾಗಿನ್ನಿನಲ್ಲಿ ಹುಡುಕಿದರೆ ಹನುಮವ್ವ ಸಿಕ್ಕಳು. ಜನ ಹೆಸರು ಬರೆಸುವ ಕೌಂಟರಿನ ಪರದೆಯಲ್ಲಿ ಹುಡುಕಿದರೆ "ಲೈಬ್ರರಿ ತೆರೆಯಲಾಗದು, ಅಂಥ ಫೈಲ್ ಇಲ್ಲ." ಶನಿವಾರ ಮಧ್ಯಾಹ್ನ ಡಬ್ಬಿಯ ಅವಲಕ್ಕಿ ತಿನ್ನುವಾಗ ಅವರಿಗೆ ಹೊಳೆಯಿತು. ದಾರಿ ಬರೆದಿಟ್ಟದ್ದು ತಮ್ಮ ಲಾಗಿನ್ನಿನಲ್ಲಿ. ಡೇಟಾಬೇಸ್ ಓಡುವುದು ತನ್ನದೇ ಬೇರೆ ಹೆಸರಿನಲ್ಲಿ. ಅದಕ್ಕೆ ಇವರ ದಾರಿ ಹೇಗೆ ಗೊತ್ತಾಗಬೇಕು? ಕಟ್ಟುವಾಗ ಹೇಳಿದ್ದು ಓಡುವಾಗ ನೆನಪಿರುವುದಿಲ್ಲ. ದಾರಿಯನ್ನು ಮಾಡ್ಯೂಲಿನ ಹೊಟ್ಟೆಯೊಳಗೇ ಬರೆದುಬಿಡಬೇಕು, ಎಲ್ಲಿ ಹೋದರೂ ಜೊತೆಗೆ ಒಯ್ಯುವ ಹಾಗೆ. ಕೈ ತೊಳೆದು ಬಂದು ಹಾಗೆಯೇ ಕಟ್ಟಿದರು. ಕೌಂಟರಿನ ಪರದೆಯಲ್ಲಿ ಹನಮವ್ವ ಎಂದು ಬೇಕೆಂದೇ ತಪ್ಪಾಗಿ ಬಡಿದರು.

ಹನುಮವ್ವ. ಹಸಿರು ಇಳಕಲ್ ಸೀರೆ. ಸಿಟ್ಟು ಬಹಳ.

"ಸಿಕ್ಕಿ ನೋಡು" ಎಂದರು ಮೃದುಲಾಬಾಯಿ. ಉತ್ಕರ್ಷ ಚಹಾ ಕುಡಿಯಲು ಹೋಗಿದ್ದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಸುಗುಣಾಗೆ ಫೋನ್ ಹಚ್ಚಿದರು.

"ಛೊಲೊ ಆತು ಅಕ್ಕಾ" ಎಂದಳು ಸುಗುಣಾ. "ಒಲಿ ಮ್ಯಾಲೆ ಹಾಲು ಇಟ್ಟೀನಿ, ಆಮ್ಯಾಲೆ ಮಾತಾಡೂಣು."

ಮೃದುಲಾಬಾಯಿ ಫೋನ್ ಕೆಳಗಿಟ್ಟು ಪರದೆ ನೋಡುತ್ತ ಕೂತರು. ಆಗ ಆ ಕಡೆ ಯಂತ್ರ ಏನು ಮಾಡುತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಉತ್ಕರ್ಷ ಬರೆದ ಪ್ರೋಗ್ರಾಮಿಗೆ ಒಂದು ಒಳ್ಳೆಯ ಗುಣವಿತ್ತು. ಹುಡುಕಾಟ ಚಾಲೂ ಆದ ಕೂಡಲೇ, ಇನ್ನೂ ಸಿಗದವರ ಚಹರೆಯನ್ನು ಅವರವರ ಊರಿನ ಸ್ವಯಂಸೇವಕರ ಮೊಬೈಲಿಗೆ ಕಳಿಸಿಬಿಡುತ್ತಿತ್ತು. ಊರಿನ ಜಾಗ ಖಾಲಿ ಇದ್ದರೆ ಪಕ್ಕದ ಜಾಗಗಳನ್ನು ಒಂದೊಂದಾಗಿ ನೋಡಿ, ಯಾವ ಪದ ಊರಿನ ಹೆಸರಿನಂತೆ ಕಂಡಿತೋ ಅದನ್ನೇ ಊರು ಎಂದು ಹಿಡಿಯುತ್ತಿತ್ತು. ಹನುಮವ್ವಳ ಪಕ್ಕದ ಜಾಗದಲ್ಲಿ ಏನಿತ್ತು? ಕನ್ನಡ. ಸಂಭಾಜಿನಗರದಿಂದ ಬಸ್ಸು ಹಿಡಿದರೆ ಘಾಟಿನ ಕಡೆಗೆ ಕನ್ನಡ ಎಂಬ ತಾಲೂಕಿನ ಊರೇ ಇದೆಯಲ್ಲ! ಅಲ್ಲಿ ಮಾತಾಡುವುದು ಮರಾಠಿ, ಆ ಮಾತು ಬೇರೆ.

ಸೋಮವಾರ ಬೆಳಿಗ್ಗೆ ಪ್ರಯೋಗಕ್ಕೆಂದು ಎಲ್ಲರೂ ಸೇರಿದ್ದಾಗ ಕನ್ನಡದಿಂದ ಭುಜಂಗ ಎಂಬ ಸ್ವಯಂಸೇವಕನ ಫೋನ್ ಬಂತು. ಉತ್ಸಾಹದಲ್ಲಿ ಅವನ ಧ್ವನಿ ಫೋನ್ ಇಲ್ಲದೆಯೂ ಕೇಳಿಸುವಂತಿತ್ತು. "ಸರ್, ಹಸಿರು ಸೀರೆಯ ಹನುಮವ್ವ ಸಿಕ್ಕಿದ್ದಾಳೆ. ಜೀಪಿನಲ್ಲಿ ಕರೆದುಕೊಂಡು ಬರುತ್ತಿದ್ದೇನೆ. ಹಳದಿ ರುಮಾಲಿನ ರಾಚಪ್ಪ ಮೂವರು ಸಿಕ್ಕಿದ್ದಾರೆ, ಅವರಲ್ಲಿ ನಿಮ್ಮವನು ಯಾರು?"

ಮೃದುಲಾಬಾಯಿ ಪರದೆಯ ಕಡೆ ತಿರುಗಿ ತಾವು ಬರೆದ ಹೆಸರುಗಳನ್ನು ಮತ್ತೊಮ್ಮೆ ಓದಿದರು.

ಮಧ್ಯಾಹ್ನದೊಳಗೆ ಜೀಪು ಬಂತು. ಅದರಿಂದ ಇಳಿದ ಹೆಂಗಸು ನಿಜವಾಗಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕೊರಳಲ್ಲಿ ಭುಜಂಗ ಹಾಕಿದ ಚೆಂಡುಹೂವಿನ ಹಾರ, ಕೈಯಲ್ಲಿ ಬಾಳೆಹಣ್ಣು. ಗದ್ದದ ಮೇಲೆ ಹಚ್ಚೆಯೂ ಇತ್ತು. ಲಿಂಗಸೂರು ಕಡೆಯಿಂದ ದುಡಿಯಲು ಬಂದ ಗ್ಯಾಂಗಿನಲ್ಲಿ ಹನುಮವ್ವ ಎಂದು ಕೂಗಿದರೆ ನಾಲ್ವರು ತಿರುಗಿ ನೋಡುತ್ತಾರೆ, ಅದರಲ್ಲೊಬ್ಬಳು ಹಸಿರು ಉಟ್ಟಿರುವುದು ಪವಾಡವೇನಲ್ಲ. ಸಿಟ್ಟು ಮಾತ್ರ ಬರೆದದ್ದಕ್ಕಿಂತ ಹೆಚ್ಚಿತ್ತು.

"ಯಾರವರು, ನಾ ಕಳದೀನಿ ಅಂತ ಬರದವರು? ಮೊದಲ ಅವರ್ನ ತೋರಸ್ರಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಹೆಚ್ಚಿನವರಿಗೆ ಕನ್ನಡ ಅರ್ಥವಾಗಲಿಲ್ಲ. ಅರ್ಥವಾದ ಉತ್ಕರ್ಷ ಮೇಜಿನ ಕೆಳಗೆ ಏನೋ ಬಿದ್ದಿದೆ ಎಂದು ಹುಡುಕತೊಡಗಿದ.

"ನಾನs ರಿ ಅಕ್ಕಾರ" ಎಂದರು ಮೃದುಲಾಬಾಯಿ. "ತಪ್ಪಾತು."

ಹನುಮವ್ವಳ ಕಣ್ಣು ಅಗಲವಾಯಿತು. "ಕನ್ನಡದವರದೀರಿ? ಯಾವೂರು?"

"ಬಾಗಲಕೋಟಿ."

"ಅಯ್ಯ, ನಮ್ಮ ಕಡಿಯವರs. ಹಂಗಾರ ಬೈಯಾಕ ಅನುಕೂಲಾತು. ಬ್ಯಾರೆ ಭಾಷೆಯೊಳಗ ಬೈದ್ರ ಬಾಯಿ ಚಪ್ಪ ಆಗತೈತಿ."

ಆಮೇಲೆ ಬೈದಳು ನೋಡಿ. ರಸ್ತೆಗೆ ಸೇತುವೆ ಕಟ್ಟುವಲ್ಲಿ ಬುಟ್ಟಿ ಹೊರುತ್ತಿದ್ದವಳನ್ನು, "ನೀ ಕಳದಿ, ಬಾ" ಎಂದು ಹತ್ತಿಸಿಕೊಂಡರು. "ನಾ ಎಲ್ಲಿ ಕಳದೀನೋ, ನಿನ್ನ ಮುಂದs ನಿಂತೀನಲ್ಲೋ" ಎಂದರೆ, ಪಾಪ ತಲೆ ಕೆಟ್ಟಿದೆ ಎಂದು ನೀರು ಕುಡಿಸಿದರು. ಹಾರ ಹಾಕಿ ಫೋಟೋ ಬೇರೆ. ಮುದುಕ ಗಂಡ ಜೀಪಿನ ಹಿಂದೆ ಓಡಿದವನು ಪಾಪ, ಎಲ್ಲಿ ನಿಂತನೋ. ಅವಳ ಬೈಗುಳ ಎಷ್ಟು ಜೋರಿತ್ತೆಂದರೆ ಆ ದೊಡ್ಡ ಫ್ಯಾನು ತಾನೇ ನಿಧಾನವಾಯಿತು ಎನ್ನುತ್ತಾರೆ. ಮೃದುಲಾಬಾಯಿ ತಲೆ ತಗ್ಗಿಸಿ ಕೇಳಿದರು. ನಾಚಿಕೆ ಇತ್ತು, ಅಳುವೂ ಬಂದಿತ್ತು. ಆದರೂ ಒಂದೊಂದು ಬೈಗುಳವೂ ತವರುಮನೆಯ ಹೋಳಿಗೆಯಂತೆ ಇಳಿಯುತ್ತಿತ್ತು. ಬೇಗ ಮುಗಿಯದಿರಲಿ ಅನ್ನಿಸಿತು.

"ಅಲ್ರಿ, ನನ್ನ ಹೆಸರು ನಿಮಗ ಹೆಂಗ ಗೊತ್ತು?" ದಣಿದು ಕುರ್ಚಿಯ ಮೇಲೆ ಕೂತು ಹನುಮವ್ವ ಕೇಳಿದಳು.

"ಗೊತ್ತಿರಲಿಲ್ರಿ. ಮನಸಿನಾಗs ಮಾಡಿ ಬರದಿದ್ದೆ. ಇಲ್ಲೆ ಮಾತಾಡ್ಲಿಕ್ಕೆ ಯಾರೂ ಇರಲಿಲ್ಲ."

"ಮಾತಾಡಾಕ ಯಾರೂ ಇಲ್ಲಂತ ಹೋಗೋರ್ನ ಬರೋರ್ನ ಕಳದಾರಂತ ಬರೀತೀರಿ? ನಿಮ್ಮ ಹೆಸರs ಬರಕೋಬೇಕಿತ್ತು" ಎಂದು ಅವಳು ನಕ್ಕು, ಹಾರ ತೆಗೆದು ಮೇಜಿನ ಮೇಲಿಟ್ಟು, ಬಾಳೆಹಣ್ಣು ಸುಲಿದು ಅರ್ಧ ಮುರಿದು ಕೊಟ್ಟಳು.

ಅಷ್ಟರಲ್ಲಿ ನಾಶಿಕದಿಂದ ಅಭಿಜಿತನ ಫೋನ್. ಅವನಿಗೆ ನಗುವೂ ಬಂದಿತ್ತು, ಸಿಟ್ಟೂ ಬಂದಿತ್ತು. "ಮ್ಯಾಡಮ್, ಕನ್ನಡ ತೆಗೆದುಬಿಡೋಣ. ಊರೂ ಅದೇ, ಭಾಷೆಯೂ ಅದೇ. ಮೇಳದಲ್ಲಿ ಹೀಗಾದರೆ ಊರಿಗೆ ಊರನ್ನೇ ಜೀಪಿನಲ್ಲಿ ತರುತ್ತಾರೆ."

ಮೃದುಲಾಬಾಯಿ ಮೊದಲ ಸಲ ಸುಮ್ಮನಾಗಲಿಲ್ಲ. "ಸರ್, ಸುಳ್ಳು ಹೆಸರುಗಳನ್ನು ಅಳಿಸದೆ ಇಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಭಾಷೆಯ ಜಾಗದಲ್ಲಿ ಊರು ಹುಡುಕಬೇಡ ಎಂದು ಯಂತ್ರಕ್ಕೆ ಹೇಳಿದರೆ ಮುಗಿಯಿತು. ಹುಡುಕುವ ದಾರಿ ತಪ್ಪಿದೆ. ಕನ್ನಡದ್ದೇನೂ ತಪ್ಪಿಲ್ಲ."

ಅಭಿಜಿತ್ ಇನ್ನೊಂದು ತೊಡಕು ತೆಗೆದ. "ಸರಿ, ಇಟ್ಟೆವು ಎನ್ನಿ. ಬಂದವರ ಜೊತೆ ಮಾತಾಡುವವರು ಯಾರು? ಯಂತ್ರಕ್ಕೆ ಬಂದರೆ ಸಾಲದು, ಕೌಂಟರಿನಲ್ಲಿ ಕೂತವರಿಗೂ ಬರಬೇಕು. ನಮ್ಮಲ್ಲಿ ನೀವೊಬ್ಬರೇ. ನೀವೋ ಹುಬ್ಬಳ್ಳಿಗೆ ಹೊರಟವರು."

ಹನುಮವ್ವ ಬಾಳೆಹಣ್ಣು ತಿನ್ನುತ್ತ ಇವರ ಮುಖವನ್ನೇ ನೋಡುತ್ತಿದ್ದಳು.

"ನಾನೇ ಕೂಡುತ್ತೇನೆ" ಎಂದರು ಮೃದುಲಾಬಾಯಿ. "ವರ್ಗದ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

"ಏನಂದ್ರಿ ಅವರು?" ಫೋನ್ ಇಟ್ಟ ಮೇಲೆ ಹನುಮವ್ವ ಕೇಳಿದಳು.

"ಕನ್ನಡ ಇರಲಿ ಅಂದ್ರು."

"ಇರಲಿ ಅನ್ನಾಕ ಅವರಪ್ಪನ ಗಂಟೇನು?" ಎಂದು ಎದ್ದು ಸೀರೆ ಕೊಡವಿದಳು. "ನಡೀರಿ, ನನ್ನ ಮುಟ್ಟಸ್ರಿ. ಮುದುಕ ಅಲ್ಲೆ ಅಳಾಕತ್ತಿರತಾನ. ಒಮ್ಮೆ ನಮ್ಮ ಗುಡಿಸಲಕ್ಕ ಬರ್ರಿ ಬಾಯಾರ, ಜ್ವಾಳದ ರೊಟ್ಟಿ ತಿಂದು ಹೋಗ್ರಿ. ನಮ್ಮಲ್ಲಿ ಮಾತಿಗೇನ ಬರ ಇಲ್ಲ."

ಬರುತ್ತೇನೆ ಎಂದರು ಮೃದುಲಾಬಾಯಿ. ಜೀಪು ಹೊರಟಾಗ ಕೈ ಬೀಸಿದರು. ಫೋನ್ ನಂಬರು ಕೇಳುವುದು ಮರೆತಿತ್ತು. ಮುಂದಿನ ರಜೆಯಲ್ಲಿ ಬಸ್ಸು ಹಿಡಿದು ಹೋಗಿ ನೋಡಿದರೆ ಸೇತುವೆ ಮುಗಿದಿತ್ತು, ಗುಡಿಸಲುಗಳ ಜಾಗದಲ್ಲಿ ಒಲೆಯ ಮೂರು ಕಲ್ಲು, ಬೂದಿ. ಗ್ಯಾಂಗು ಎಲ್ಲಿಗೆ ಹೋಯಿತೆಂದು ಭುಜಂಗನಿಗೂ ತಿಳಿಯಲಿಲ್ಲ. ಅವನು ಬೇಸರ ಮಾಡಿಕೊಂಡು, "ಮ್ಯಾಡಮ್, ಬೇಕಾದರೆ ಮತ್ತೊಮ್ಮೆ ಕಳೆದಿದ್ದಾಳೆ ಎಂದು ಹಾಕಿ, ಹುಡುಕಿಬಿಡುತ್ತೇನೆ" ಎಂದ. ಬೇಡ ಎಂದರು.

ಈಗ ಅವರು ತ್ರ್ಯಂಬಕೇಶ್ವರದಲ್ಲಿ ಕೂಡುತ್ತಾರೆ. ಮೇಳಕ್ಕೆ ಮುಂಚಿನ ಅಭ್ಯಾಸಕ್ಕೆಂದು ಹಬ್ಬದ ದಿನಗಳಲ್ಲಿ ಕೌಂಟರ್ ತೆರೆದಿರುತ್ತದೆ. ಉತ್ಕರ್ಷ ಮಾಡಿಸಿಕೊಟ್ಟ ಫಲಕದ ಮೇಲೆ "ತಪ್ಪಿಸಿಕೊಂಡವರ ವಿಚಾರಣೆ, ಇಲ್ಲಿ ಕನ್ನಡ ಮಾತಾಡುತ್ತಾರೆ" ಎಂದು ಬರೆದಿದೆ. ಎಡಬಲದ ಕೌಂಟರುಗಳಲ್ಲಿ ಗದ್ದಲವೋ ಗದ್ದಲ. ಚಪ್ಪಲಿ ಕಳೆದವರು, ಅತ್ತೆ ಕಳೆದವರು, ಅತ್ತೆ ಸಿಕ್ಕಿದ್ದಕ್ಕೆ ಮುಖ ಬಾಡಿದವರು. ಮೃದುಲಾಬಾಯಿಯ ಕಿಟಕಿಯ ಮುಂದೆ ಹೆಚ್ಚಾಗಿ ಯಾರೂ ನಿಲ್ಲುವುದಿಲ್ಲ. ಕನ್ನಡದವರು ಜೊತೆ ಬಿಡದೆ, ಸೆರಗಿಗೆ ಸೆರಗು ಗಂಟು ಹಾಕಿಕೊಂಡು ತಿರುಗುತ್ತಾರೆ, ತಪ್ಪಿಸಿಕೊಳ್ಳುವುದಿಲ್ಲ. ಯಾರೂ ಕಳೆಯಬಾರದು ಎಂದೇ ಸರ್ಕಾರ ಮೃದುಲಾಬಾಯಿಯನ್ನು ಅಲ್ಲಿ ಕೂರಿಸಿದೆ. ಆದರೂ ಬಿಸಿಲು ಏರುವ ಹೊತ್ತಿಗೆ, ಒಬ್ಬರಾದರೂ ಕಳೆಯಬಾರದೇ ಎಂದು ಮನಸ್ಸಿನಲ್ಲಿ ಬರುತ್ತದೆ. ಬಂದ ಕೂಡಲೇ ಕೆನ್ನೆ ಬಡಿದುಕೊಳ್ಳುತ್ತಾರೆ.

ಮೊನ್ನೆ ಒಂದು ದೊಡ್ಡ ಕುಟುಂಬ ಕಿಟಕಿಯ ಮುಂದೆ ಬಂದು ನಿಂತಿತು. ಮುಂದಿದ್ದ ಧೋತರದ ಹಿರಿಯರು ಫಲಕವನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, "ನೋಡ್ರಿ, ಇಲ್ಲೆ ಕನ್ನಡ ಮಾತಾಡ್ತಾರಂತ" ಎಂದು ಹಿಂದಿನವರಿಗೆ ತೋರಿಸಿದರು.

ಮೃದುಲಾಬಾಯಿ ಕುರ್ಚಿಯಿಂದ ಅರ್ಧ ಎದ್ದರು. "ಬರ್ರಿ, ಬರ್ರಿ. ಯಾರರ ತಪ್ಪಿಸಿಕೊಂಡಾರೇನ್ರಿ?"

ಹಿರಿಯರು ಹಿಂದೆ ತಿರುಗಿ, ಬೆರಳು ಮಡಚಿ ಮಡಚಿ ಮಂದಿಯನ್ನು ಎಣಿಸಿದರು.

"ಇಲ್ರವ್ವ" ಎಂದರು ಸಮಾಧಾನದಿಂದ. "ದೇವರ ದಯಾ. ಎಲ್ಲಾರೂ ಅದೀವಿ."

ಕೈ ಮುಗಿದು, ಹಿಂಡಿನ ಸಮೇತ ಗುಡಿಯ ಕಡೆಗೆ ನಡೆದರು.